ದಿನದ ಧಮ್ಮ ಚಿಂತನೆ: ಯಾವ ದುಃಖವನ್ನು ಒಪ್ಪಿಕೊಳ್ಳಬೇಕು?




ಕಿಸಾಗೋತಮಿಯ ಕಥೆ ನಮಗೆಲ್ಲ ಗೊತ್ತು. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಭಗವಾನರು, ಸಾವೇ ಕಾಣದ ಮನೆಯಿಂದ ಸಾಸಿವೆ ತರಲು ಹೇಳಿದರು. ಆಕೆ ಶ್ರಾವಸ್ತಿಯಲ್ಲಿ ಮನೆ ಮನೆಯ ಬಾಗಿಲು ತಟ್ಟಿದಳು. ಸಾಸಿವೆ ಇತ್ತು, ಸಾವು ಕಾಣದ ಮನೆ ಒಂದೂ ಇರಲಿಲ್ಲ. ತನ್ನ ದುಃಖ ತನ್ನೊಬ್ಬಳದಲ್ಲ ಎಂದು ತಿಳಿದ ಮೇಲೆ ಮಗುವನ್ನು ಸ್ಮಶಾನಕ್ಕೆ ಒಯ್ದಳು.

ಇದನ್ನು ಕೇಳಿದ ನಾವು ಕೆಲವೊಮ್ಮೆ ಅವಸರದ ತೀರ್ಮಾನಕ್ಕೆ ಬರುತ್ತೇವೆ: ದುಃಖ ಎಲ್ಲರಿಗೂ ಇದ್ದದ್ದೇ, ಸಹಿಸಿಕೊಳ್ಳುವುದೇ ಧಮ್ಮ. ಇದು ಸರಿಯೇ?

ಹೀಗೆಯೇ ಮನೆ ಮನೆಯ ಬಾಗಿಲು ತಟ್ಟಿದ ಇನ್ನು ಕೆಲವರನ್ನು ನೋಡೋಣ. 1969, ನ್ಯೂಯಾರ್ಕ್ ನಗರದ ಈಸ್ಟ್ ಹಾರ್ಲೆಂ. ಪೋರ್ಟೊರಿಕೊ ದ್ವೀಪದಿಂದ ವಲಸೆ ಬಂದ ಬಡವರು ವಾಸವಿದ್ದ ಕೇರಿ. ‘ಯಂಗ್ ಲಾರ್ಡ್ಸ್’ ಎಂಬ ಸಂಘಟನೆಯ ಹುಡುಗ ಹುಡುಗಿಯರು, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ದೊಡ್ಡ ಬದಲಾವಣೆಯ ಕನಸು ಹೊತ್ತು ಅಲ್ಲಿ ಕೆಲಸ ಶುರುಮಾಡಿದರು. ನಿಮ್ಮ ಕಷ್ಟವೇನು ಎಂದು ಜನರನ್ನು ಕೇಳಿದರೆ ಬಂದ ಉತ್ತರ: ಕಸ. ಸರಿ, ಪೊರಕೆ ಹಿಡಿದು ಬೀದಿ ಗುಡಿಸಿದರು. ನೈರ್ಮಲ್ಯ ಇಲಾಖೆಯನ್ನು ಪೊರಕೆ ಕೇಳಿದಾಗ ಅದು ಕೊಡಲಿಲ್ಲ. ಆಗ ಕಸವನ್ನು ಮುಖ್ಯರಸ್ತೆಯ ನಡುವೆಯೇ ರಾಶಿ ಹಾಕಿದರು, ಬೆಂಕಿಯನ್ನೂ ಇಟ್ಟರು. ಬೆಂಕಿ ಇಟ್ಟದ್ದನ್ನು ನಾವು ಮೆಚ್ಚಬೇಕಿಲ್ಲ. ಮೊದಲು ಕೇಳಿದರು, ಆಮೇಲೆ ಗುಡಿಸಿದರು. ಆ ಕ್ರಮವನ್ನು ಕಲಿಯಬಹುದು.

ಅದೇ ವರ್ಷದ ಕೊನೆಗೆ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ಹಳೆಯ ಬಾಡಿಗೆ ಮನೆಗಳ ಗೋಡೆಗಳಲ್ಲಿ ಸೀಸ ಬೆರೆತ ಬಣ್ಣವಿತ್ತು. ಮನೆಯೊಳಗೆ ಅಂಥ ಬಣ್ಣ ಬಳಿಯುವುದನ್ನು ನಗರ 1960ರಲ್ಲೇ ನಿಷೇಧಿಸಿತ್ತು; ಆದರೆ ಮೊದಲೇ ಬಳಿದಿದ್ದ ಪದರ ಹಾಗೆಯೇ ಉಳಿದಿತ್ತು. ಉದುರಿದ ಚಕ್ಕೆ ನಾಲಿಗೆಗೆ ಸಿಹಿ. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸೀಸ ಮಗುವಿನ ಮೆದುಳನ್ನು ಕೆಡಿಸುತ್ತದೆ, ಹೆಚ್ಚಾದರೆ ಜೀವ ತೆಗೆಯುತ್ತದೆ. ಪರೀಕ್ಷೆಯ ಕಿಟ್‌ಗಳು ಆರೋಗ್ಯ ಇಲಾಖೆಯಲ್ಲಿ ಬಳಕೆಯಾಗದೆ ಬಿದ್ದಿದ್ದವು. ಯುವಜನರು ಕಚೇರಿಯಲ್ಲಿ ಧರಣಿ ಕೂತು ಅವನ್ನು ಪಡೆದರು. ವೈದ್ಯಕೀಯ ಸಿಬ್ಬಂದಿಯ ನೆರವಿನಿಂದ ಮನೆ ಮನೆಗೆ ಹೋಗಿ ಮಕ್ಕಳ ಪರೀಕ್ಷೆ ಮಾಡಿದರು. ಹಲವು ಮಕ್ಕಳ ಮೈಯಲ್ಲಿ ಸೀಸ ಪತ್ತೆಯಾಯಿತು. 1970ರಲ್ಲಿ ನಗರವು ಸೀಸದ ವಿಷ ತಡೆಯಲೆಂದೇ ಪ್ರತ್ಯೇಕ ವಿಭಾಗ ತೆರೆಯಿತು.

ಬಾಗಿಲು ತಟ್ಟಿದ್ದು ಎರಡೂ ಕಡೆ ಒಂದೇ. ಸಿಕ್ಕ ಉತ್ತರ ಬೇರೆ. ಗೋತಮಿ ಕಂಡ ಸಾವು ಸಿರಿವಂತರ ಮನೆಯಲ್ಲೂ ಇತ್ತು, ಬಡವರ ಮನೆಯಲ್ಲೂ ಇತ್ತು. ಈ ಯುವಜನರು ಕಂಡ ವಿಷ ಹೆಚ್ಚಾಗಿ ಬಡವರ ಗೋಡೆಯಲ್ಲಿತ್ತು. ಅದು ಯಾರೋ ಬಳಿದದ್ದು, ಯಾರೋ ಕೆರೆಸದೆ ಬಿಟ್ಟದ್ದು. ಒಂದೇ ಮನೆಯಲ್ಲಿ ಕೂತು ನೋಡಿದರೆ ಅದೂ ಹಣೆಬರಹದಂತೆಯೇ ಕಾಣುತ್ತದೆ. ಹತ್ತು ಮನೆ ನೋಡಿದಾಗ ಅದರ ಕಾರಣ ಕಾಣುತ್ತದೆ.

ಭಗವಾನರು ಮೋಳಿಯ ಸೀವಕನಿಗೆ ಹೇಳಿದ್ದನ್ನು ನೆನೆಯೋಣ. ನಾವು ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲ ಎಂಬುದನ್ನು ಅವರು ಒಪ್ಪಲಿಲ್ಲ. ಅವರು ಎಣಿಸಿದ ಎಂಟು ಕಾರಣಗಳಲ್ಲಿ ಕರ್ಮ ಒಂದು ಮಾತ್ರ. ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇನ್ನೂ ನಿಷ್ಠುರವಾಗಿ ಕೇಳುತ್ತಾರೆ: ಬಡವನ ಸ್ಥಿತಿಗೆ ಪೂರ್ವಜನ್ಮವೇ ಕಾರಣವೆಂದರೆ, ಸಮಾಜ ತನ್ನ ಹೊಣೆಯಿಂದ ಜಾರಿಕೊಳ್ಳುವುದಕ್ಕಲ್ಲದೆ ಆ ಮಾತಿನಿಂದ ಇನ್ನೇನು ಉಪಯೋಗ?

ಹಾಗಾದರೆ ಉಪೇಕ್ಷೆ ಬೇಡವೇ? ಬೇಕು. ಮುಪ್ಪು, ಸಾವು, ಅಗಲಿಕೆಯ ಮುಂದೆ ಉಪೇಕ್ಷೆಯೇ ನಮ್ಮ ಆಸರೆ. ಆದರೆ ಅರಿವಿಲ್ಲದ ಉದಾಸೀನವು ಉಪೇಕ್ಷೆಯ ಹತ್ತಿರದ ಶತ್ರು ಎಂದು ಆಚಾರ್ಯ ಬುದ್ಧಘೋಷರು ಎಚ್ಚರಿಸಿದ್ದಾರೆ. ಎರಡೂ ಹೊರಗಿನಿಂದ ಒಂದೇ ಥರ ಶಾಂತವಾಗಿ ಕಾಣುತ್ತವೆ. ನೋಡಿದ ಮೇಲೆ ಬರುವ ಶಾಂತಿ ಒಂದು, ನೋಡದೆ ಇರುವುದರಿಂದ ಬರುವ ಶಾಂತಿ ಇನ್ನೊಂದು.

ಇಂದಿನ ಅಭ್ಯಾಸ: ನಮ್ಮ ಬೀದಿಯ ಒಂದು ದುಃಖವನ್ನು ಆರಿಸಿಕೊಳ್ಳೋಣ. ಅದು ಎಲ್ಲ ಮನೆಯಲ್ಲೂ ಇದೆಯೇ, ಕೆಲವರ ಮನೆಯಲ್ಲಷ್ಟೇ ಇದೆಯೇ? ಕೆಲವರ ಮನೆಯಲ್ಲಷ್ಟೇ ಇದ್ದರೆ, ಸಮಾಧಾನ ಹೇಳುವ ಮೊದಲು ಒಂದು ಬಾಗಿಲನ್ನಾದರೂ ತಟ್ಟಿ, ನಿಮ್ಮ ಕಷ್ಟವೇನು ಎಂದು ಕೇಳೋಣ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏