ಪರಿಚಯ ಪತ್ರವೆಂಬ ನಿಕ್ಷೇಪ

ಒಬ್ಬನು ತನ್ನ ವಸ್ತುವನ್ನು ಇನ್ನೊಬ್ಬನ ಕೈಯಲ್ಲಿ ನಂಬಿ ಇರಿಸಿದರೆ ಅದು ನಿಕ್ಷೇಪವೆನಿಸುವುದು. ಇಟ್ಟವನ ಒಡೆತನ ಅದರಿಂದ ತಪ್ಪುವುದಿಲ್ಲ; ಇರಿಸಿಕೊಂಡವನಿಗೆ ಕಾಯುವ ಹೊಣೆಯಲ್ಲದೆ ಭೋಗಿಸುವ ಅಧಿಕಾರವಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆಂದೇ ಒಂದು ಪ್ರಕರಣವುಂಟು. ಪೆಟ್ಟಿಗೆಯಲ್ಲಿಟ್ಟು, ಒಳಗಿರುವುದೇನೆಂದು ಹೇಳದೆ ಒಪ್ಪಿಸಿದ ವಸ್ತುವನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕೆಂದೂ, ಇರಿಸಿಕೊಂಡವನು ಸ್ವೇಚ್ಛೆಯಿಂದ ಅದರ ಮೇಲೆ ಜೀವನ ನಡೆಸಿದರೆ ದಂಡಾರ್ಹನೆಂದೂ, ವೃದ್ಧಿಸಹಿತವಾಗಿ ತೆರಬೇಕೆಂದೂ ಅಲ್ಲಿ ವಿಧಿಸಿದೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಇದ್ದವನು. 12ನೆಯ ಶತಮಾನದ ನಡುವೆ ಶರಣರ ಕಾಯಕಧರ್ಮವು ಬೆಳಗಿದ ಕಲ್ಯಾಣವೂ ಅದೇ.

ನಿಕ್ಷೇಪವೆಂದೊಡನೆ ಚಿನ್ನ, ಧಾನ್ಯ, ಪತ್ರಗಳು ನೆನಪಿಗೆ ಬರುವುದು ಸಹಜ. ಆದರೆ ಇಂದು ಕೆಲಸಕ್ಕೆ ಸೇರುವ ಪ್ರತಿಯೊಬ್ಬ ತರುಣನೂ ತರುಣಿಯೂ ಧಣಿಯ ಕೈಯಲ್ಲಿ ಬೇರೊಂದು ನಿಕ್ಷೇಪವನ್ನು ಇಡುತ್ತಾರೆ. ಅದು ಬಯೋಡೇಟಾ ಎಂದು ರೂಢಿಯಲ್ಲಿರುವ ಪರಿಚಯ ಪತ್ರ. ಹುಟ್ಟಿದ ದಿನ, ತಂದೆಯ ಹೆಸರು, ಊರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಓದು, ಹಿಂದೆ ದುಡಿದ ಸ್ಥಳಗಳು, ಕೆಲವೊಮ್ಮೆ ವಿವಾಹವಾಗಿದೆಯೇ ಇಲ್ಲವೇ ಎಂಬುದೂ ಭಾವಚಿತ್ರವೂ ಅದರಲ್ಲಿರುತ್ತವೆ. ಹೆಸರನ್ನೂ ಊರನ್ನೂ ಕೇಳಿ ಜಾತಿಯನ್ನು ಊಹಿಸುವ ಚಾಳಿ ಇನ್ನೂ ಅಳಿಯದ ಈ ನಾಡಿನಲ್ಲಿ ಇವು ಬರಿಯ ಅಕ್ಷರಗಳಲ್ಲ.

ಈ ಪತ್ರವನ್ನು ಕೊಡುವವನು ಕೊಡುವುದು ಒಂದೇ ಉದ್ದೇಶಕ್ಕೆ: ತನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲಿ ಎಂದು. ಆದರೆ ಬೆಂಗಳೂರಿನಂತಹ ನಗರಗಳ ಸಾಫ್ಟ್‌ವೇರ್ ಮತ್ತು ಇಂಜಿನಿಯರಿಂಗ್ ಸಲಹಾ ಸಂಸ್ಥೆಗಳು ಮಾರುವ ಸರಕು ಮನುಷ್ಯನ ವಿದ್ಯೆ. ಗುತ್ತಿಗೆ ಕೊಡಬಂದ ಗ್ರಾಹಕನು “ನಮ್ಮ ಕೆಲಸಕ್ಕೆ ಯಾರನ್ನು ಕಳುಹಿಸುವಿರಿ?” ಎಂದು ಕೇಳುತ್ತಾನೆ. ಕೇಳುವುದು ನ್ಯಾಯವೇ, ಮನೆ ಕಟ್ಟಿಸುವವನೂ ಮೇಸ್ತ್ರಿ ಯಾರೆಂದು ವಿಚಾರಿಸದಿರುವುದಿಲ್ಲ. ಆಗ ಸಂಸ್ಥೆಯು ತನ್ನ ನೌಕರರ ಪರಿಚಯ ಪತ್ರಗಳನ್ನು ಒಟ್ಟುಗೂಡಿಸಿ, ಅವರಿಗೆ ತಿಳಿಸದೆಯೇ, ಒಬ್ಬರಿಗಲ್ಲ ಹತ್ತು ಗ್ರಾಹಕರಿಗೆ ಕಳುಹಿಸಿಬಿಡುವುದುಂಟು. ಒಬ್ಬ ಗ್ರಾಹಕ ಒಪ್ಪಿದರೂ ಉಳಿದ ಒಂಬತ್ತು ಕಡೆ ಪತ್ರವು ಹಾಗೆಯೇ ಉಳಿಯುತ್ತದೆ. ಚಿನ್ನದ ನಿಕ್ಷೇಪಕ್ಕೂ ಇದಕ್ಕೂ ಇರುವ ಭೇದ ಇಲ್ಲಿಯೇ. ಚಿನ್ನವನ್ನು ಮರಳಿ ಪಡೆಯಬಹುದು. ಓದಿದವನಿಂದ ಓದಿದ್ದನ್ನು ಮರಳಿ ಪಡೆಯುವ ಉಪಾಯವಿಲ್ಲ. ಆದುದರಿಂದ ಇಲ್ಲಿ ಕೊಡುವ ಮುನ್ನ ಕೇಳುವುದೊಂದೇ ರಕ್ಷಣೆ. ಕೊಟ್ಟ ಮೇಲಿನ ಕ್ಷಮಾಪಣೆಯಿಂದ ಏನೂ ಆಗದು.

ಇದಕ್ಕೆ ಒಂದು ಆಕ್ಷೇಪವನ್ನು ಭಕ್ತಜನರೇ ಎತ್ತಬಹುದು. ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂದು ಶರಣರು ಬೋಧಿಸಿದರು; ಶುದ್ಧವಾಗಿ ಬಾಳುವವನಿಗೆ ಮುಚ್ಚಿಡುವುದೇನಿದೆ, ಅವನ ವಿಷಯವನ್ನು ನಾಲ್ಕು ಜನ ಅರಿತರೆ ಕೆಟ್ಟುದೇನು ಎಂಬುದು ಆ ಆಕ್ಷೇಪ. ಮೇಲುನೋಟಕ್ಕೆ ಇದು ಸರಿಯೆಂದು ತೋರುತ್ತದೆ. ಆದರೆ ಅಂತರಂಗ ಬಹಿರಂಗಗಳನ್ನು ಒಂದುಮಾಡಿಕೊಳ್ಳುವುದು ಆಯಾ ವ್ಯಕ್ತಿಯು ತನ್ನ ಮೇಲೆ ತಾನೇ ವಿಧಿಸಿಕೊಳ್ಳುವ ಶೀಲ. ಅದು ತನ್ನ ಬಾಗಿಲನ್ನು ತಾನು ತೆರೆಯುವ ಮಾತು. ಪರರ ಮನೆಯ ಬಾಗಿಲನ್ನು ತೆರೆಯಲು ಅದು ಅಪ್ಪಣೆಯಲ್ಲ. ಅಲ್ಲದೆ ಈ ಆಕ್ಷೇಪವನ್ನು ಒಡ್ಡುವ ಧಣಿಯು ತನ್ನ ಲೆಕ್ಕಪತ್ರಗಳನ್ನೂ ಲಾಭದ ಪ್ರಮಾಣವನ್ನೂ ಅದೇ ಗ್ರಾಹಕನ ಮುಂದೆ ತೆರೆದಿಡುವನೇ? ತನಗೆ ವ್ಯಾಪಾರದ ಗುಟ್ಟು, ನೌಕರನಿಗೆ ಮಾತ್ರ ಪಾರದರ್ಶಕತೆ ಎಂಬುದು ಶೀಲವಲ್ಲ, ಅನುಕೂಲ.

ಆಯ್ದಕ್ಕಿ ಮಾರಯ್ಯನ ಪ್ರಸಂಗವು ಇಲ್ಲಿ ಸ್ಮರಣೀಯ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕಳವಿನದಲ್ಲ, ಯಾರೂ ತಡೆದಿರಲಿಲ್ಲ. ಆದರೂ ಅಗತ್ಯವನ್ನು ಮೀರಿದ್ದು ತಮ್ಮದಲ್ಲವೆಂಬುದು ಆ ತಾಯಿಯ ನಿಲುವು. ಗ್ರಾಹಕನಿಗೆ ಬೇಕಾದುದು ನೌಕರನು ಯಾವ ವಿದ್ಯೆಯಲ್ಲಿ ಎಷ್ಟು ವರ್ಷ ದುಡಿದಿದ್ದಾನೆಂಬ ಅರಿವು. ಅದಕ್ಕೆ ತಂದೆಯ ಹೆಸರೇಕೆ? ಹುಡುಗಿಯೊಬ್ಬಳ ಭಾವಚಿತ್ರವೂ ಮನೆಯ ವಿಳಾಸವೂ ಕಾಣದ ಊರಿನ, ಕಾಣದ ಜನರ ಮೇಜಿನ ಮೇಲೆ ಏಕೆ ಬೀಳಬೇಕು? ಮೊದಲ ಮಾತುಕತೆಗೆ ಹೆಸರೂ ಬೇಕಿಲ್ಲ. ಅನುಭವದ ವಿವರ ಸಾಕು. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮವು, ಪಡೆದ ಉದ್ದೇಶವನ್ನು ಮೀರಿ ಬಳಸಬಾರದು, ಬೇಕಾದುದಕ್ಕಿಂತ ಹೆಚ್ಚು ಸಂಗ್ರಹಿಸಬಾರದು ಎಂಬ ಎರಡು ತತ್ತ್ವಗಳನ್ನು ಮುಂದಿಟ್ಟಿದೆ. ಲಕ್ಕಮ್ಮನಿಗೆ ಇವು ಹೊಸ ಮಾತುಗಳೆನಿಸುತ್ತಿರಲಿಲ್ಲ.

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಪರರ ವಿವರಗಳನ್ನು ಇರಿಸಿಕೊಂಡವರನ್ನು ‘ಡೇಟಾ ಫಿಡುಷಿಯರಿ’ ಎಂದು ಕರೆಯುತ್ತದೆ. ನಂಬಿ ಒಪ್ಪಿಸಿದುದನ್ನು ಕಾಯುವವನು ಎಂಬುದೇ ಆ ಪದದ ಭಾವ. ನಿಕ್ಷೇಪಧಾರಿ ಎನ್ನಲು ಅಡ್ಡಿಯಿಲ್ಲ. ಆದರೆ ಅದೇ ಅಧಿನಿಯಮದ 7ನೆಯ ಪ್ರಕರಣವು ಉದ್ಯೋಗದ ಉದ್ದೇಶಗಳಿಗಾಗಿ ಸಮ್ಮತಿಯಿಲ್ಲದೆಯೂ ನೌಕರನ ವಿವರಗಳನ್ನು ಬಳಸಲು ಅವಕಾಶವಿತ್ತಿದೆ. ಹೊಸ ಗ್ರಾಹಕನನ್ನು ಅರಸುವುದು ಉದ್ಯೋಗದ ಉದ್ದೇಶವೇ, ಧಣಿಯ ವ್ಯಾಪಾರದ ಉದ್ದೇಶವೇ ಎಂದು ವಕೀಲರು ವಾದಿಸಬಹುದು. ಕಾನೂನಿನ ದಂಡ ತಪ್ಪಿದ ಮಾತ್ರಕ್ಕೆ ನಿಕ್ಷೇಪವು ಇರಿಸಿಕೊಂಡವನದಾಗುವುದಿಲ್ಲ.

ಹಾಗಾದರೆ ನೌಕರನನ್ನು ಒಂದು ಮಾತು ಕೇಳಿದರೆ ಸಾಕೇ? ಇದು ತೋರುವಷ್ಟು ಸುಲಭವಲ್ಲ. ತಿಂಗಳ ಸಂಬಳವನ್ನು ನಂಬಿ ಮನೆಬಾಡಿಗೆ ಕಟ್ಟುವವನು ಧಣಿಯೆದುರು ಒಲ್ಲೆನೆನ್ನುವುದು ಎಷ್ಟರ ಮಟ್ಟಿನದು? ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಅಧಿಕಾರಿಗಳ ಮಂಡಲಿಯು 2017ರಲ್ಲಿ ನೀಡಿದ ಅಭಿಪ್ರಾಯದಲ್ಲಿ, ಇಬ್ಬರ ಬಲವೂ ಸಮವಲ್ಲದ ಕಾರಣ ನೌಕರನ ಸಮ್ಮತಿಯು ಸ್ವತಂತ್ರವಾಗಿರುವುದು ವಿರಳವೆಂದು ಒಪ್ಪಿಕೊಂಡಿದೆ. ಆದುದರಿಂದ ಕೇಳುವುದರೊಡನೆ, ಕಳುಹಿಸುವ ಹಾಳೆಯನ್ನು ತೋರಿಸುವುದು, ಬೇಡವೆಂದುದನ್ನು ತೆಗೆಯುವುದು, ಒಲ್ಲೆನೆಂದವನ ಮೇಲೆ ಮುನಿಯದಿರುವುದು, ಇವಿಷ್ಟೂ ಧಣಿಯ ಹೊಣೆ. ಇದರಲ್ಲಿ ಮುನಿಯದಿರುವುದೇ ಕಷ್ಟದ್ದು.

ಇಷ್ಟೆಲ್ಲ ಮಾಡುತ್ತ ವ್ಯಾಪಾರ ನಡೆಯುವುದು ಹೇಗೆ ಎನ್ನುವವರು ವಿಶ್ವ ಬ್ಯಾಂಕಿನ ಹಣದಿಂದ ನಡೆಯುವ ಕಾಮಗಾರಿಗಳ ಸಲಹಾ ಗುತ್ತಿಗೆಯ ನಮೂನೆಯನ್ನು ನೋಡಬಹುದು. ಅಲ್ಲಿ ಸಂಸ್ಥೆಯು ಮುಂದಿಡುವ ಪ್ರತಿಯೊಬ್ಬ ತಜ್ಞನ ಪರಿಚಯ ಪತ್ರದ ಕೊನೆಗೆ, ಈ ವಿವರ ನನ್ನನ್ನು ಸರಿಯಾಗಿ ತಿಳಿಸುತ್ತದೆ, ಈ ಕೆಲಸಕ್ಕೆ ನಾನು ದೊರೆಯುತ್ತೇನೆ ಎಂಬರ್ಥದ ಪ್ರಮಾಣವಾಕ್ಯವಿದ್ದು, ತಜ್ಞನೇ ರುಜು ಹಾಕಬೇಕಾಗುತ್ತದೆ. ರುಜು ಬೇಕೆಂದ ಮೇಲೆ ಪತ್ರವು ಅವನ ಕಣ್ಣಿಗೆ ಬೀಳಲೇಬೇಕಲ್ಲವೆ?

ಕಣ್ಣಿಗೆ ಬೀಳದಿದ್ದಾಗ ಆಗುವ ಕೇಡು ಇನ್ನೊಂದಿದೆ. ಗುತ್ತಿಗೆಯ ಆಸೆಗೆ ಎರಡು ವರ್ಷದ ಅನುಭವವು ಐದಾಗಿ, ನೋಡಿ ಕಲಿತದ್ದು ಮಾಡಿ ತೋರಿಸಿದ್ದಾಗಿ ಪತ್ರದಲ್ಲಿ ಬೆಳೆಯುತ್ತದೆ. ಬರೆದವರು ಬೇರೆ, ಗ್ರಾಹಕನ ಪ್ರಶ್ನೆಗಳೆದುರು ತಲೆ ತಗ್ಗಿಸಿ ನಿಲ್ಲುವವನು ಬೇರೆ. ತಾನಾಡದ ಸುಳ್ಳಿಗೆ ತಾನು ಹೆಸರಾಗುವ ಆ ತರುಣನು, ನಿಜ ನುಡಿದರೆ ಧಣಿಗೆ ದ್ರೋಹಿ, ಸುಮ್ಮನಿದ್ದರೆ ತನ್ನ ಕಾಯಕಕ್ಕೇ ದ್ರೋಹಿ. ಕೆಲಸ ಬಿಟ್ಟುಹೋದವನ ಪತ್ರವನ್ನು ಆಮೇಲೆಯೂ ತನ್ನ ಬಳಗವೆಂದು ತೋರಿಸುವ ಸಂಸ್ಥೆಯಂತೂ, ಇಟ್ಟವನು ಊರು ಬಿಟ್ಟನೆಂದು ಪೆಟ್ಟಿಗೆಯ ಮುದ್ರೆ ಒಡೆದವನ ಸಾಲಿಗೆ ಸೇರುತ್ತದೆ. ಅಂಥವನಿಗೆ ತಾನು ಎಲ್ಲೆಲ್ಲಿ ಮಾರಾಟಕ್ಕಿದ್ದೇನೆಂಬುದು ತಿಳಿಯುವುದೂ ಇಲ್ಲ.