ಸರ್ಕಾರದ ಬಳಿ ಇಲ್ಲದ ಲೆಕ್ಕ

ಸ್ಕಾಟ್ಲೆಂಡ್ ಸಂಸತ್ತಿನಲ್ಲಿ ಹೆಚ್ಚಾಗಿ ಸುದ್ದಿಯಾಗುವುದು ಗುರುವಾರದ ಕಲಾಪ. ಅಂದು ಎಡಿನ್‌ಬರೋದ ಹಾಲಿರೂಡ್ ಭವನದಲ್ಲಿ ಸರ್ಕಾರದ ಮುಖ್ಯಸ್ಥರಾದ ಫಸ್ಟ್ ಮಿನಿಸ್ಟರ್ ಎದ್ದುನಿಂತು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ, ವಿರೋಧ ಪಕ್ಷ ಮುಗಿಬೀಳುತ್ತದೆ. ಆದರೆ ಜನರ ದಿನನಿತ್ಯದ ಕಷ್ಟ ತಿಳಿಯಬೇಕಾದರೆ ಅಲ್ಲಿನ ಲಿಖಿತ ಪ್ರಶ್ನೋತ್ತರಗಳನ್ನು ಓದಬೇಕು. ಸಂಸತ್ತಿನಲ್ಲಿರುವವರು 129 ಸದಸ್ಯರು. ಸದಸ್ಯರೊಬ್ಬರು ಪ್ರಶ್ನೆ ಬರೆದುಕೊಟ್ಟರೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳೊಳಗೆ ಸಚಿವರು ಉತ್ತರಿಸಬೇಕು. ಆಗದಿದ್ದರೆ ಮಧ್ಯಂತರ ಉತ್ತರವನ್ನಾದರೂ ಕೊಡಬೇಕು. ಪ್ರಶ್ನೆ, ಉತ್ತರ ಎರಡೂ ಸಂಖ್ಯೆಯ ಸಮೇತ ಪ್ರಕಟವಾಗುತ್ತವೆ, ಯಾರು ಬೇಕಾದರೂ ತೆಗೆದು ಓದಬಹುದು.

ಆರೋಗ್ಯ, ಶಾಲೆ, ಪೊಲೀಸ್, ದ್ವೀಪಗಳಿಗೆ ಹೋಗುವ ಹಡಗು, ಇವೆಲ್ಲ ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡ್ ಸರ್ಕಾರದ ಹೊಣೆ. ಹಾಗಾಗಿ ಪ್ರಶ್ನೆಗಳು ನೇರವಾಗಿ ಜನರ ಮನೆಬಾಗಿಲಿನಿಂದಲೇ ಬರುತ್ತವೆ: ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ದಂತವೈದ್ಯರು ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆಯೇ, ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳಿಗೆ ಸಿಬ್ಬಂದಿ ಇದ್ದಾರೆಯೇ?

ಇಂಥ ಪ್ರಶ್ನೆಗಳಿಗೆ ಮತ್ತೆ ಮತ್ತೆ ಬರುವ ಒಂದು ಉತ್ತರವಿದೆ. ಕೇಳಿದ ಮಾಹಿತಿಯನ್ನು ಕೇಂದ್ರೀಯವಾಗಿ ಇಟ್ಟುಕೊಂಡಿಲ್ಲ, ಸಂಬಂಧಪಟ್ಟ ಆರೋಗ್ಯ ಮಂಡಳಿಯನ್ನೋ ಸ್ಥಳೀಯ ಆಡಳಿತವನ್ನೋ ಕೇಳಿ ಎನ್ನುವುದು ಅದರ ಸಾರ. ಅದು ಸುಳ್ಳಲ್ಲ. ಅಲ್ಲಿ 14 ಪ್ರಾದೇಶಿಕ ಆರೋಗ್ಯ ಮಂಡಳಿಗಳಿವೆ, 32 ಸ್ಥಳೀಯ ಕೌನ್ಸಿಲ್‌ಗಳಿವೆ. ಸ್ಕಾಟ್ಲೆಂಡಿನ ನೆಲದಲ್ಲಿ ಸುಮಾರು ಮೂರನೇ ಒಂದು ಪಾಲು ಹೈಲ್ಯಾಂಡ್ ಕೌನ್ಸಿಲ್ ಒಂದರದ್ದೇ. ಅಲ್ಲಿನ ಹಳ್ಳಿಶಾಲೆಯ ಪ್ರತಿಯೊಂದು ಅಂಕಿ ರಾಜಧಾನಿಯಲ್ಲಿ ಇರಬೇಕಿಲ್ಲ, ಇದ್ದರೆ ಸ್ಥಳೀಯ ಆಡಳಿತಕ್ಕೆ ಅರ್ಥವೂ ಉಳಿಯುವುದಿಲ್ಲ.

ಆದರೂ ಆ ಉತ್ತರ ಬಂದ ಮೇಲೆ ಏನಾಗುತ್ತದೆ ನೋಡಿ. ಸದಸ್ಯರ ಕಚೇರಿಯವರು ಹದಿನಾಲ್ಕು ಮಂಡಳಿಗಳಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ. 2005ರಿಂದ ಜಾರಿಯಲ್ಲಿರುವ ಸ್ಕಾಟ್ಲೆಂಡಿನ ಕಾಯ್ದೆ ಅದಕ್ಕೆ ಕೊಡುವ ಗಡುವು ಇಪ್ಪತ್ತು ಕೆಲಸದ ದಿನ. ಒಂದು ಮಂಡಳಿ ತಿಂಗಳ ಲೆಕ್ಕ ಕೊಟ್ಟರೆ ಇನ್ನೊಂದು ವರ್ಷದ ಲೆಕ್ಕ ಕೊಡಬಹುದು, ಮತ್ತೊಂದು ಖರ್ಚಿನ ಕಾರಣ ಹೇಳಿ ನಿರಾಕರಿಸಬಹುದು. ಇಡೀ ದೇಶದ ಚಿತ್ರವನ್ನು ಸರ್ಕಾರದ ಬದಲು ಒಬ್ಬ ಶಾಸಕರ ಇಬ್ಬರು ಸಹಾಯಕರು ಕೂಡಿಸಬೇಕಾಗುತ್ತದೆ. ಇಷ್ಟರ ನಡುವೆ ಚಿಕಿತ್ಸೆಗೆ ಕಾದಿರುವವರು ಕಾಯುತ್ತಲೇ ಇರುತ್ತಾರೆ. ನನ್ನ ಆಕ್ಷೇಪ ಇಲ್ಲೇ. ದುಡ್ಡು ಹಂಚುವುದು ಎಡಿನ್‌ಬರೋ, ಗುರಿ ಗೊತ್ತುಪಡಿಸುವುದೂ ಎಡಿನ್‌ಬರೋ. ಗುರಿ ಇಟ್ಟವರು, ಅದನ್ನು ಮುಟ್ಟದೆ ಉಳಿದವರೆಷ್ಟು ಮಂದಿ ಎಂಬ ಲೆಕ್ಕವನ್ನು ತಮ್ಮ ಬಳಿ ಇಟ್ಟುಕೊಳ್ಳಲೇಬೇಕು.

ಬರಹದಲ್ಲಿ ಉಳಿದ ಉತ್ತರಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಅರಾನ್ ದ್ವೀಪದ ಹಡಗು ‘ಗ್ಲೆನ್ ಸ್ಯಾನಕ್ಸ್’ ಸಾಕ್ಷಿ. 2015ರಲ್ಲಿ ಎರಡು ಹಡಗುಗಳಿಗೆ 97 ದಶಲಕ್ಷ ಪೌಂಡ್‌ಗಳ ಗುತ್ತಿಗೆಯಾಯಿತು. ಅವುಗಳಲ್ಲಿ ಒಂದಾದ ಗ್ಲೆನ್ ಸ್ಯಾನಕ್ಸ್ 2018ರಲ್ಲಿ ಓಡಾಟ ಶುರುಮಾಡಬೇಕಿತ್ತು, ಪ್ರಯಾಣಿಕರು ಹತ್ತಿದ್ದು 2025ರ ಜನವರಿಯಲ್ಲಿ. ಅಷ್ಟರಲ್ಲಿ ಅದನ್ನು ಕಟ್ಟುತ್ತಿದ್ದ ಹಡಗು ಕಾರ್ಖಾನೆ ದಿವಾಳಿಯಾಗಿ ಸರ್ಕಾರದ ಕೈಸೇರಿತ್ತು, ವೆಚ್ಚ ಹಲವು ಪಟ್ಟು ಏರಿತ್ತು. ಆ ವರ್ಷಗಳುದ್ದಕ್ಕೂ ಸದಸ್ಯರು ಬಿಡದೆ ಕೇಳಿದರು. ಆಸ್ಪತ್ರೆಗೆಂದು, ಅಂಗಡಿ ಸರಕಿಗೆಂದು ಹಡಗನ್ನೇ ನಂಬಿದ ದ್ವೀಪದವರಿಗೆ ವಿಳಂಬದ ಜಾಡು ದಾಖಲೆಯಾಗಿಯಾದರೂ ದಕ್ಕಿತು.

ಹೀಗಿರುವಾಗ ‘ಮಾಹಿತಿ ಇಲ್ಲ’ ಎಂಬ ಉತ್ತರದ ಜೊತೆಗೆ ಇನ್ನೊಂದು ಸಾಲು ಕಡ್ಡಾಯವಾಗಬೇಕು: ಈ ಲೆಕ್ಕವನ್ನು ಯಾವ ದಿನದಿಂದ ಇಡುತ್ತೇವೆ, ಇಡುವುದಿಲ್ಲವಾದರೆ ಏಕೆ. ಉತ್ತರ ಕೊಡಲು ಹತ್ತು ದಿನದ ಗಡುವಿದೆ. ಎಣಿಸಲು ಶುರುಮಾಡುವುದಕ್ಕೂ ಒಂದು ಗಡುವು ಬೇಕು.