ಏನೂ ಆಗ್ಲಿಲ್ವಲ್ಲ!

ನಮ್ಮ ದೊಡ್ಡಪ್ಪನ ಮಗ ಗ್ಯಾಸ್ ಟ್ಯಾಂಕರ್ ಡ್ರೈವರ್. ಹತ್ತು ವರ್ಷ ಸಿಮೆಂಟು, ಶುಂಠಿ, ಇಟ್ಟಿಗೆ ಅಂತ ಸಿಕ್ಕಿದ್ದೆಲ್ಲ ಹೊತ್ತ ಲಾರಿ ಓಡಿಸಿದವನು, ನಾಲ್ಕು ಕಾಸು ಜಾಸ್ತಿ ಸಿಗುತ್ತೆ ಅಂತ ಟ್ಯಾಂಕರಿಗೆ ಬಂದ. ಅದಕ್ಕೆ ಹೆವಿ ಲೈಸೆನ್ಸ್ ಒಂದೇ ಸಾಲದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 9ನೇ ನಿಯಮದ ಪ್ರಕಾರ, ಅಪಾಯಕಾರಿ ಸರಕು ಸಾಗಿಸುವ ಚಾಲಕ ಮೂರು ದಿನದ ತರಬೇತಿ ಮುಗಿಸಿ, ಸರ್ಟಿಫಿಕೇಟ್ ತೋರಿಸಿ, ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಳ್ಳಬೇಕು. ಸಂವಿಧಾನದ 8ನೇ ಅನುಸೂಚಿಯ ಒಂದು ಭಾಷೆಯ ಜೊತೆಗೆ ಇಂಗ್ಲಿಷೂ ಓದಲು, ಬರೆಯಲು ಬರಬೇಕು.

ಇಂಗ್ಲಿಷ್ ಅಂದ ಕೂಡಲೇ ಅಣ್ಣ ನನಗೆ ಫೋನ್ ಮಾಡಿದ. ಮೂರು ದಿನವೂ ಸಂಜೆ ಆದ್ರೆ ವಾಟ್ಸಾಪಿನಲ್ಲಿ ಪುಸ್ತಕದ ಫೋಟೋ ಬರೋದು, ನಾನು ಆಫೀಸಿನ ಕ್ಯಾಬಲ್ಲಿ ಕೂತು ಬಿಡಿಸಿ ಹೇಳೋದು. ಟ್ಯಾಂಕರಿನ ಮೇಲೆ ಬರೆದಿರೋ 1075 ಅಂದ್ರೆ ಎಲ್‌ಪಿಜಿ. 1203 ಅಂದ್ರೆ ಪೆಟ್ರೋಲು. 1017 ಅಂದ್ರೆ ಕ್ಲೋರಿನ್. ಅಪಘಾತ ಆದಾಗ ಬೆಂಕಿ ಆರಿಸೋರು ದೂರದಿಂದಲೇ ಓದಿ ತಿಳಿಯಲಿ ಅಂತ ಈ ನಂಬರು. ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇರಬೇಕು, ಸೋರಿದರೆ ಏನು ಮಾಡಬೇಕು ಅಂತ ಅದರಲ್ಲಿರುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗಲ್ಲ, ಚರಂಡಿ, ತಗ್ಗು ಹುಡುಕಿಕೊಂಡು ನೆಲದ ಮೇಲೇ ಹರಿಯುತ್ತೆ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಅನಿಲ ಆಗುತ್ತೆ.

ಮೂರನೇ ದಿನ ರಾತ್ರಿ ಅಣ್ಣ ಅಂದ: "ಓದ್ಬಾರ್ದಿತ್ತು ಕಣೋ. ಇಷ್ಟು ದಿನ ಹಿಂದೆ ಇರೋದು ಬರೀ ಲೋಡು. ಇನ್ಮೇಲೆ ಹಂಗಲ್ಲ."

ಆಗ ನಕ್ಕಿದ್ದೆ. ಆ ಮಾತಿನ ತೂಕ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ.

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಲೋಡ್ ಇಳಿಸಿ, ವಾಪಸ್ ಬಂದು ಗಾಡಿ ನಿಲ್ಲಿಸೋ ಹೊತ್ತಿಗೆ ಬೆಳಗಿನ ಜಾವ ಮೂರು ಗಂಟೆ. ಜೊತೆಯ ಡ್ರೈವರ್ ಜ್ವರ ಅಂತ ಊರಿಗೆ ಹೋಗಿದ್ದ. ಆರು ಗಂಟೆಗೆ ಮಾಲೀಕರ ಫೋನು: ಇವತ್ತೇ ಇನ್ನೊಂದು ಲೋಡ್ ಎತ್ತಬೇಕು, ಕ್ಲೀನರ್ ಹುಡುಗನ ಜೊತೆ ಹೊರಡು. ಅಣ್ಣ ನನಗೆ ಫೋನ್ ಮಾಡಿ ಏನ್ಮಾಡ್ಲಿ ಅಂತ ಕೇಳಿದ. ಮಗಳ ಪಿಯುಸಿ ಫೀಸು, ಮನೆ ಸಾಲ ಎರಡೂ ನನಗೆ ಗೊತ್ತು. "ಇದೊಂದ್ಸಲ ಹೋಗ್ಬಿಡಣ್ಣ, ಏನಾಗಲ್ಲ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಇಂಗ್ಲಿಷನ್ನ ನಂಗೆ ಓದಿ ಹೇಳ್ದೋನು ನೀನೇ ಅಲ್ವೇನೋ?" ಅಂದ.

ಅವನು ಹೋಗಲಿಲ್ಲ. ಬೇರೊಬ್ಬ ಹೋದ, ಅವನದೂ ಅರೆನಿದ್ದೆಯೇ. ಟ್ಯಾಂಕರ್ ಸುರಕ್ಷಿತವಾಗಿ ಘಟ್ಟ ಹತ್ತಿ ತಲುಪಿತು. ಮಾಲೀಕರು ಕೇಳಿದ್ದು ಒಂದೇ ಮಾತು: "ಏನೂ ಆಗ್ಲಿಲ್ವಲ್ಲ!" ಎರಡು ವಾರ ಅಣ್ಣನಿಗೆ ಟ್ರಿಪ್ ಇರಲಿಲ್ಲ.

ಅಣ್ಣ ಮಾಡಿದ್ದರಿಂದ ಏನು ಉಪಯೋಗ ಆಯ್ತು ಅಂತ ಲೆಕ್ಕ ಹಾಕಿದರೆ ಉತ್ತರ ಸೊನ್ನೆ. ಅಪಾಯ ಕಮ್ಮಿ ಆಗಲಿಲ್ಲ, ಕೈ ಬದಲಾಯಿತು ಅಷ್ಟೇ. ಹಾಗಾದ್ರೆ ಅವನು ಮಾಡಿದ್ದು ತಪ್ಪಾ?

ನನಗೆ ಹಾಗನ್ನಿಸಲ್ಲ. "ಏನೂ ಆಗಲಿಲ್ಲ" ಅನ್ನೋದು ಆ ದಿನದ ಫಲಿತಾಂಶ. ಆ ನಿರ್ಧಾರ ಸರಿಯಿತ್ತು ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ. ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿದವನು ಆ ಕಡೆ ತಲುಪಿದ ಮಾತ್ರಕ್ಕೆ ಅದು ದಾಟೋ ರೀತಿ ಆಗಲ್ಲ. ಅದೂ ಇಲ್ಲಿ ಪಣಕ್ಕಿಡೋದು ಬರೀ ತನ್ನ ಜೀವ ಅಲ್ಲ. 2013ರ ಏಪ್ರಿಲ್‌ನಲ್ಲಿ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡಾಗ ರಸ್ತೆಬದಿಯ ಮನೆಗಳೂ ಸುಟ್ಟವು, ಜನ ಸತ್ತರು. ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಬೇರೆಯವರ ಪ್ರಾಣದ ಮೇಲೆ ಜೂಜಾಡಿ ಗೆದ್ದರೂ ಅದು ಜೂಜೇ.

ಇನ್ನೊಬ್ಬ ಹೋದನಲ್ಲ ಅನ್ನೋ ವಾದವೂ ನಿಲ್ಲಲ್ಲ. ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ ಅನ್ನೋ ಮಾತಿನಿಂದ ಜಗತ್ತಿನ ಯಾವ ತಪ್ಪನ್ನು ಬೇಕಾದ್ರೂ ಸಮರ್ಥಿಸಬಹುದು. ಆದರೆ ಆ ಇನ್ನೊಬ್ಬನನ್ನು ಬೈಯೋಕೂ ನನಗೆ ಬಾಯಿ ಬರಲ್ಲ. ಅವನಿಗೂ ಫೀಸು, ಸಾಲ ಇರುತ್ತಲ್ಲ.

ನನ್ನನ್ನು ಕಾಡೋದು ಆ ಸರ್ಟಿಫಿಕೇಟು. ಅದನ್ನು ಕೊಟ್ಟ ಮೇಲೆ ಚಾಲಕ "ನಂಗೆ ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ. ಸರಕು ಕಳಿಸುವವನ ಹೊಣೆಯನ್ನು 131ನೇ ನಿಯಮ ಹೇಳುತ್ತೆ, ಸಾಗಣೆದಾರನದನ್ನು 132, ಚಾಲಕನದನ್ನು 133. ಬೆಂಕಿ, ಸ್ಫೋಟದ ಭಯವಿಲ್ಲದ ಜಾಗದಲ್ಲೇ ಗಾಡಿ ನಿಲ್ಲಿಸಬೇಕು, ನಿಂತಾಗಲೂ ಅವನೋ ಇನ್ನೊಬ್ಬ ಸಮರ್ಥ ವ್ಯಕ್ತಿಯೋ ಕಾಯುತ್ತಿರಬೇಕು ಅನ್ನುತ್ತೆ 133. ಹಾಗಾದ್ರೆ ಒಬ್ಬನೇ ಹೊರಟವನು ನಿದ್ದೆ ಮಾಡೋದು ಯಾವಾಗ? 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ ಅನ್ನುತ್ತಿತ್ತು. ಆದರೆ ಬೆಳಿಗ್ಗೆ ಆರಕ್ಕೆ ಫೋನ್ ಬಂದಾಗ ಇದನ್ನೆಲ್ಲ ಓದಿ ಹೇಳೋಕೆ ಚಾಲಕನ ಪಕ್ಕ ಯಾರೂ ಇರಲ್ಲ. ಕಾಗದದ ಮೇಲೆ ಮೂವರದೂ ಆದ ಹೊಣೆ ರಸ್ತೆಗೆ ಬಂದಾಗ ಒಬ್ಬನದೇ ಆಗುತ್ತೆ.

ಅಪಾಯ ಏನು ಅಂತ ಕಲಿಸಿ, ಬೇಡ ಅನ್ನೋ ಅಧಿಕಾರ ಕೊಡದೇ ಇದ್ದರೆ ಅದನ್ನು ಜವಾಬ್ದಾರಿ ಅಂತ ಹೇಗೆ ಕರೆಯೋದು? ನಾಳೆ ತಪ್ಪು ಹೊರಿಸೋಕೆ ಇವತ್ತೇ ಒಂದು ತಲೆ ಗುರುತು ಮಾಡಿಟ್ಟ ಹಾಗೆ ಅದು. ನಮ್ಮ ಆಫೀಸುಗಳಲ್ಲೂ ವರ್ಷಕ್ಕೊಮ್ಮೆ ಸೆಕ್ಯೂರಿಟಿ ಟ್ರೈನಿಂಗ್ ಆಗುತ್ತಲ್ಲ? ನೆಕ್ಸ್ಟ್, ನೆಕ್ಸ್ಟ್ ಒತ್ತಿ ಸರ್ಟಿಫಿಕೇಟ್ ಇಳಿಸ್ಕೋತೀವಿ. ಶುಕ್ರವಾರ ಸಂಜೆ ಒಬ್ಬ ಜೂನಿಯರ್ "ಇದು ಲೈವ್ ಹೋಗೋದು ಬೇಡ ಸರ್" ಅಂದ್ರೆ, "ಏನಾಗಲ್ಲ, ಸೋಮವಾರ ನೋಡೋಣ" ಅಂತ ನಾನೇ ಎಷ್ಟು ಸಲ ಅಂದಿಲ್ಲ.

ಒಂದು 18 ಟನ್ ಟ್ಯಾಂಕರಿನಲ್ಲಿ ನಮ್ಮ ಅಡುಗೆಮನೆಯ 14.2 ಕೆಜಿ ಸಿಲಿಂಡರುಗಳು 1,260ಕ್ಕೂ ಹೆಚ್ಚು ತುಂಬುತ್ತವೆ. ಅದೇ ಮಳೆಗಾಲದಲ್ಲಿ ಸಿಲಿಂಡರ್ ಎರಡು ದಿನ ತಡ ಆಯ್ತು ಅಂತ ಏಜೆನ್ಸಿಗೆ ಫೋನ್ ಮಾಡಿ ಕೂಗಾಡಿದವನು ನಾನು. ಬೆಳಿಗ್ಗೆ ಆರಕ್ಕೆ ಅಣ್ಣನಿಗೆ ಬಂದ ಆ ಫೋನಿನಲ್ಲಿ ನನ್ನಂಥವರ ದನಿಯೂ ಸ್ವಲ್ಪ ಇತ್ತು.

ಅಣ್ಣ ಈಗ ಬೇರೆಯವರ ಗಾಡಿ ಓಡಿಸ್ತಿದ್ದಾನೆ. ಸಂಬಳ ಸ್ವಲ್ಪ ಕಮ್ಮಿ, ಇಬ್ಬರು ಡ್ರೈವರ್ ಇದ್ದಾರೆ. ಅವತ್ತು ನಾನು ಹೇಳಿದ್ದು ತಪ್ಪು ಅಂತ ಅವನ ಮುಂದೆ ಒಪ್ಪಿಕೊಂಡೆ. "ಬಿಡೋ, ನಿಂಗೆ ಹಿಂದೆ ಏನಿದೆ ಅಂತ ಕಾಣ್ತಿರ್ಲಿಲ್ಲ" ಅಂದ. ಕಾಣ್ತಿತ್ತು. ಅವನಿಗೆ ಓದಿ ಹೇಳಿದ್ದೇ ನಾನು.